ಮಗುವಿನ ಮಾತು ಆಪ್ತವಾಕ್ಯವಾದ ಕಥೆ

ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಪಟ್ಟಣವಾಸಿಗಳಾದ ನಾವು ಬಲ್ಲೆವಾದರೆ ಅದು ಬಹುಮಟ್ಟಿಗೆ ಯಾತ್ರಿಕರ ಬಲ್ಲವಿಕೆ. ಮಧುಗಿರಿಯೆಂದರೆ ಒಂದೇ ಬಂಡೆಯ ಬೆಟ್ಟ, ಅದರ ಮೇಲಿನ ಕೋಟೆ. ಶಿರಾ ಎಂದರೆ ಮೊಗಲರ ಸುಬೆ, ಮಲಿಕ್ ರಿಹಾನನ ಗೋರಿ. ಕೊರಟಗೆರೆಯೆಂದರೆ ಸಿದ್ಧರಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ. ಪಾವಗಡವೆಂದರೆ ಶನಿಮಹಾತ್ಮನ ಗುಡಿ, ಈಚೆಗೆ ಬಯಲಿನ ತುಂಬ ಹಾಸಿದ ಸೌರಫಲಕಗಳು. ಕಂದಾಯ ಇಲಾಖೆಗೆ ಈ ನಾಲ್ಕೂ ಸೇರಿ ಒಂದು ಉಪವಿಭಾಗ. ವಿದ್ಯಾ ಇಲಾಖೆಗೋ ಇವು ಪ್ರತ್ಯೇಕವಾದೊಂದು ಶೈಕ್ಷಣಿಕ ಜಿಲ್ಲೆ. ಅದರ ಹೆಸರು ಮಧುಗಿರಿ. ಅಂದರೆ ಈ ಸೀಮೆಯ ಅಷ್ಟೂ ಶಾಲೆಗಳು, ಅಷ್ಟೂ ಮೇಷ್ಟರು, ಅಷ್ಟೂ ಮಕ್ಕಳು ಒಂದೇ ಕಚೇರಿಯ ಲೆಕ್ಕದಲ್ಲಿ ಬರುತ್ತಾರೆ.

ಆ ಮಕ್ಕಳನ್ನು ನೆನೆದೇ ಈ ಲೇಖನವನ್ನು ಆರಂಭಿಸಿದ್ದೇನೆ. ವಿಷಯವೇನೋ ಬಿಡುವಿನ ಬೆಳಗಿನಲ್ಲಿ ಕಾಫಿಯ ಲೋಟ ಹಿಡಿದು ಓದುವಂಥದಲ್ಲ. ದೊಡ್ಡವರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಮನಸ್ಸು ಮತ್ತೆ ನೆಟ್ಟಗಾಗುವುದು ಹೇಗೆ? ಅದಕ್ಕೆ ವೈದ್ಯಶಾಸ್ತ್ರ ಇಂದು ಹೇಳುವ ಮುಖ್ಯ ಔಷಧ ಮಾತ್ರೆಯಲ್ಲ, ಮಾತು. ಅದೂ ಮಗುವಿನ ವಯಸ್ಸಿಗೆ ಒಪ್ಪುವ ಮಾತು. ಈ ಔಷಧ ಹುಟ್ಟಿದ್ದು ಎಲ್ಲಿ, ನಮ್ಮ ನಾಡಿಗೆ ಬಂದುದು ಯಾವ ದಾರಿಯಲ್ಲಿ, ಪಾವಗಡದಂಥ ಗಡಿ ತಾಲ್ಲೂಕನ್ನು ಅದು ಮುಟ್ಟಬೇಕಾದರೆ ಏನಾಗಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಈ ಚಿಕಿತ್ಸೆಗೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಹೆಸರು ರೂಢಿಗೆ ಬಂದಿದೆ. ಆ ‘ಆಪ್ತ’ ಎಂಬ ಶಬ್ದ ಸಾಮಾನ್ಯವಾದುದಲ್ಲ. ನಮ್ಮ ಬಳಕೆಯಲ್ಲಿ ಆಪ್ತನೆಂದರೆ ಹತ್ತಿರದವನು. ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ಯಾರ ಮಾತನ್ನು ನಂಬಬಹುದೋ ಅವನು. ಪ್ರತ್ಯಕ್ಷ, ಅನುಮಾನಗಳಂತೆ ಅವನ ವಾಕ್ಯವೂ ಪ್ರಮಾಣ. ಸಮಾಲೋಚಕನು ಮಗುವಿಗೆ ಆಪ್ತನಾಗಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮಗುವೇ ಆಪ್ತ, ಅದರ ಮಾತೇ ಪ್ರಮಾಣ ಎಂದು ಒಪ್ಪುವುದಕ್ಕೆ ಮಾತ್ರ ಲೋಕಕ್ಕೆ ಬಹಳ ಕಾಲ ಹಿಡಿಯಿತು. ಈ ಚಿಕಿತ್ಸೆಯ ಇತಿಹಾಸವೆಂದರೆ ಮುಖ್ಯವಾಗಿ ಆ ತಡದ ಇತಿಹಾಸ.

ಹಿಂದಿನವರಿಗೆ ಮನಸ್ಸಿನ ಗಾಯ ತಿಳಿದಿರಲಿಲ್ಲ ಎಂದು ಹೇಳುವಂತಿಲ್ಲ. ಚರಕನು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದಾಗ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳ ಜೊತೆಗೆ ಸತ್ತ್ವಾವಜಯ ಎಂಬ ಮೂರನೆಯದನ್ನೂ ಹೇಳಿದ್ದಾನೆ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತಂದು ಹಿಡಿತದಲ್ಲಿರಿಸುವುದೇ ಅದು. ನಮ್ಮ ಹಳ್ಳಿಗಳ ಅಜ್ಜಿಯರಿಗೂ ಮಗು ‘ಬೆದರಿದೆ’ ಎಂಬುದು ಥಟ್ಟನೆ ಗೊತ್ತಾಗುತ್ತಿತ್ತು. ರಾತ್ರಿ ಬೆಚ್ಚಿ ಏಳುವುದು, ಊಟ ಬಿಡುವುದು, ಬಿಟ್ಟ ಹಾಸಿಗೆ ಒದ್ದೆಯ ಅಭ್ಯಾಸ ಮತ್ತೆ ಬರುವುದು, ಒಬ್ಬರನ್ನು ಕಂಡರೆ ಸೆರಗಿನ ಹಿಂದೆ ಅಡಗುವುದು, ಇವೆಲ್ಲ ಬೆದರಿದ ಲಕ್ಷಣಗಳೇ. ಅದಕ್ಕೆ ದೃಷ್ಟಿ ತೆಗೆಯುತ್ತಿದ್ದರು, ಅಂತ್ರ ಕಟ್ಟಿಸುತ್ತಿದ್ದರು, ಗುಡಿಗೋ ದರ್ಗಾಕ್ಕೋ ಕರೆದೊಯ್ಯುತ್ತಿದ್ದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಸಮಾಧಾನ ಹೇಳುವ ಆ ಕ್ರಮದಲ್ಲಿ ಒಂದಿಷ್ಟು ಚಿಕಿತ್ಸೆಯ ಅಂಶ ಇದ್ದೇ ಇತ್ತು. ಕೊರತೆಯಿದ್ದುದು ಕೇಳುವ ಪ್ರಶ್ನೆಯಲ್ಲಿ. ‘ಏನನ್ನು ಕಂಡು ಬೆದರಿತು?’ ಎಂದು ಕೇಳುತ್ತಿದ್ದರು. ‘ಯಾರಿಗೆ ಬೆದರಿತು?’ ಎಂದು ಕೇಳಿದರೆ ಉತ್ತರ ಮನೆಯ ಹಜಾರದಲ್ಲೇ ಸಿಕ್ಕೀತೆಂಬ ಭಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾನೂನು ಈ ಕಡೆ ಕಣ್ಣು ಹಾಯಿಸಿತು. ಆದರೆ ಅದು ನೋಡಿದ್ದು ಮಗುವಿನ ವಯಸ್ಸನ್ನು. 1860ರ ಭಾರತ ದಂಡಸಂಹಿತೆ ಹೆಣ್ಣುಮಗುವಿನ ಸಮ್ಮತಿಯ ವಯಸ್ಸನ್ನು 10 ವರ್ಷವೆಂದು ಇಟ್ಟಿತ್ತು. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್ಮಣಿ ಎಂಬ ಎಳೆಯ ಹುಡುಗಿ, ಗಂಡನಾದ ಪ್ರೌಢನ ದೆಸೆಯಿಂದ ಪ್ರಾಣ ಕಳೆದುಕೊಂಡಳು. ದೇಶದಲ್ಲಿ ದೊಡ್ಡ ವಾದವೆದ್ದು 1891ರಲ್ಲಿ ಆ ವಯಸ್ಸು 12ಕ್ಕೆ ಏರಿತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, ಶಿಶುವಿವಾಹ ನಿಷೇಧದ ಶಾಸನವನ್ನು ತಂದಿತು. ಎಂಟು ತುಂಬದ ಹೆಣ್ಣಿಗೆ ಮದುವೆ ಮಾಡಕೂಡದು; ಐವತ್ತು ದಾಟಿದವನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಓದಿದರೆ ಇಷ್ಟೇ ಏನು ಎನಿಸುತ್ತದೆ. ಅಂದು ಅಷ್ಟಕ್ಕೂ ಗದ್ದಲವಾಗಿತ್ತು. ಮುಂದೆ ಸಮ್ಮತಿಯ ವಯಸ್ಸು 14, 16 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, 2012ರ ಕಾಯ್ದೆಯಲ್ಲಿ 18ಕ್ಕೆ ಬಂದು ನಿಂತಿತು. ಈ ಮೆಟ್ಟಿಲುಗಳು ಮಗುವಿನ ದೇಹಕ್ಕೆ ಬೇಲಿ ಕಟ್ಟಿದವು. ಬೇಲಿ ಮುರಿದ ಮೇಲೆ ಒಳಗಿನ ಮಗುವಿಗೆ ಏನಾಯಿತು ಎಂಬುದು ಬೇರೆ ಪ್ರಶ್ನೆ. ಅದನ್ನು ಎತ್ತಬೇಕಾದವರು ವೈದ್ಯರು. ಅದಕ್ಕಾಗಿ ಇನ್ನೊಂದು ಊರಿಗೆ ಹೋಗಬೇಕು.

ವಿಯೆನ್ನಾ ನಗರದಲ್ಲಿ 1880ರಿಂದ 1882ರ ವರೆಗೆ ಜೋಸೆಫ್ ಬ್ರಾಯರ್ ಎಂಬ ವೈದ್ಯ ಒಬ್ಬ ತರುಣಿಯನ್ನು ನೋಡಿಕೊಳ್ಳುತ್ತಿದ್ದ. ಆಕೆಗೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊಡರುವುದು ಮುಂತಾದ ತೊಂದರೆಗಳು. ಮನಸ್ಸಿನಲ್ಲಿ ಬಂದುದನ್ನು ಆಡುತ್ತ ಹೋದಂತೆ ಆಕೆಗೆ ಹಗುರವೆನಿಸುತ್ತಿತ್ತು. ಆಕೆಯೇ ಅದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟಳು. ತಮಾಷೆಗೆ ‘ಹೊಗೆಗೂಡಿನ ಮಸಿ ಗುಡಿಸುವುದು’ ಎಂದೂ ಅನ್ನುತ್ತಿದ್ದಳು. ವೈದ್ಯಗ್ರಂಥಗಳಲ್ಲಿ ಆಕೆ ‘ಅನ್ನಾ ಓ.’, ನಿಜನಾಮ ಬರ್ತಾ ಪಪ್ಪೆನ್‌ಹೈಮ್. ಈ ಚಿಕಿತ್ಸೆಗೆ ಹೆಸರು ಕೊಟ್ಟದ್ದು ವೈದ್ಯನಲ್ಲ, ರೋಗಿ ಎಂಬುದನ್ನು ಮರೆಯಬಾರದು. ಆಕೆ ಅಲ್ಲಿಗೇ ಪೂರ್ಣ ಗುಣವಾಗಲಿಲ್ಲ, ವರ್ಷಗಳೇ ಬೇಕಾದವು. ಬಳಿಕ ಆಕೆ ಸಮಾಜಸೇವಕಿಯಾಗಿ 1907ರಲ್ಲಿ ಫ್ರಾಂಕ್‌ಫರ್ಟಿನ ಬಳಿ, ನ್ಯೂ ಈಸೆನ್‌ಬರ್ಗ್ ಎಂಬಲ್ಲಿ, ಆಪತ್ತಿಗೆ ಸಿಕ್ಕಿದ ಹುಡುಗಿಯರಿಗಾಗಿ ಒಂದು ಆಶ್ರಯಗೃಹವನ್ನೇ ತೆರೆದಳು.

ಬ್ರಾಯರನ ಕಿರಿಯ ಸ್ನೇಹಿತ ಫ್ರಾಯ್ಡ್ 1896ರ ಏಪ್ರಿಲಿನಲ್ಲಿ ವಿಯೆನ್ನಾದ ವೈದ್ಯರ ಮುಂದೆ ಒಂದು ಉಪನ್ಯಾಸ ಮಾಡಿದ. ತಾನು ಕಂಡ 18 ಮಂದಿ ರೋಗಿಗಳಲ್ಲಿ ಬಾಧೆಯ ಮೂಲ ಬಾಲ್ಯದಲ್ಲಿ ಅವರ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಎಂಬುದು ಅದರ ಸಾರ. ಸಭೆ ತಣ್ಣಗಿತ್ತು, ಯಾರೂ ಮೆಚ್ಚಲಿಲ್ಲ. ಮರುವರ್ಷ, 1897ರ ಸೆಪ್ಟೆಂಬರಿನಲ್ಲಿ, ತನಗೇ ಆ ಸಿದ್ಧಾಂತದಲ್ಲಿ ನಂಬಿಕೆ ಉಳಿದಿಲ್ಲವೆಂದು ಆತ ಮಿತ್ರನೊಬ್ಬನಿಗೆ ಪತ್ರ ಬರೆದ. ಮುಂದೆ ಇಂಥ ನೆನಪುಗಳಲ್ಲಿ ಹಲವು ಮಗುವಿನ ಕಲ್ಪನೆಯಿಂದ ಹುಟ್ಟಿದವು ಎಂಬ ಅಭಿಪ್ರಾಯಕ್ಕೆ ಬಂದ. ಹಿಂದೆಗೆದುದು ಶಾಸ್ತ್ರೀಯ ಕಾರಣದಿಂದಲೋ, ಲೋಕದ ಅಸಮ್ಮತಿಯಿಂದಲೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಪರಿಣಾಮವನ್ನು ಕುರಿತು ವಾದವಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿ, ಮಗು ಬಂದು ಹೇಳಿದರೆ ‘ಇದು ಕಲ್ಪಿಸಿಕೊಂಡಿರಬೇಕು’ ಎನ್ನುವುದಕ್ಕೆ ವಿದ್ಯಾವಂತರಿಗೂ ಒಂದು ಶಾಸ್ತ್ರದ ಆಸರೆ ಸಿಕ್ಕಿತು.

ಅದೇ ಅವಧಿಯಲ್ಲಿ ಇನ್ನೊಂದು ಒಳ್ಳೆಯ ಕೆಲಸವೂ ನಡೆಯಿತು. ಮೆಲನಿ ಕ್ಲೈನ್, ಫ್ರಾಯ್ಡನ ಮಗಳು ಅನ್ನಾ ಫ್ರಾಯ್ಡ್ ಮೊದಲಾದವರು ಮಕ್ಕಳನ್ನೇ ಚಿಕಿತ್ಸೆಯ ಕೋಣೆಗೆ ಕರೆದುಕೊಂಡರು. ಇಬ್ಬರಿಗೂ ತಮ್ಮೊಳಗೆ ತೀವ್ರ ಭಿನ್ನಾಭಿಪ್ರಾಯ. ಆದರೂ ಮಗು ದೊಡ್ಡವರಂತೆ ಒರಗಿಕೊಂಡು ಕಥೆ ಹೇಳುವ ಪ್ರಾಣಿಯಲ್ಲ ಎಂಬುದರಲ್ಲಿ ಒಮ್ಮತ. ಮಗುವಿನ ಭಾಷೆ ಆಟ. ಗೊಂಬೆಯನ್ನು ಮಲಗಿಸುವ ಬಗೆ, ಮರಳಿನಲ್ಲಿ ಹೂತು ತೆಗೆಯುವ ಬಗೆ, ಚಿತ್ರದಲ್ಲಿ ಒಬ್ಬರನ್ನು ಮಾತ್ರ ಬಿಟ್ಟುಬಿಡುವ ಬಗೆ, ಇವೂ ಒಂದು ರೀತಿಯ ವಾಕ್ಯಗಳೇ. 1947ರಲ್ಲಿ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ‘ಆಟದ ಚಿಕಿತ್ಸೆ’ಯನ್ನು ಕುರಿತು ಗ್ರಂಥವನ್ನೇ ಬರೆದರು. ವಯಸ್ಸಿಗೆ ತಕ್ಕ ಚಿಕಿತ್ಸೆ ಎಂಬ ಮಾತಿನ ಬೇರು ಇಲ್ಲಿದೆ.

ನಮ್ಮ ದೇಶ ಈ ವಿದ್ಯೆಯಲ್ಲಿ ಬಹಳ ಹಿಂದೇನೂ ಇರಲಿಲ್ಲ. 1922ರಲ್ಲಿ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ಮನೋವಿಶ್ಲೇಷಣ ಸಂಘವನ್ನು ಕಟ್ಟಿದರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರನ್ನು ನಾವು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದವರೆಂದು ಹೆಚ್ಚಾಗಿ ನೆನೆಯುತ್ತೇವೆ. 1937ರಲ್ಲಿ ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ತೆರೆಯಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಬೆಳೆದು, 1954ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಇವೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಸಾಮಾನ್ಯ ಓದುಗನಿಗೆ ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ‘ಕೊರವಂಜಿ’ಯ ಡಾ. ಎಂ. ಶಿವರಾಂ ಮಾಡಿದರು, ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಆ ಪರಂಪರೆಯನ್ನು ಹಲವಾರು ಪುಸ್ತಕಗಳಲ್ಲಿ ಮುಂದುವರಿಸಿದರು. ಅದೇ ಸಂಸ್ಥೆಯ ಮಾಳವಿಕಾ ಕಪೂರ್ ಅವರು ಶಾಲೆಯ ಉಪಾಧ್ಯಾಯರಿಗೇ ಮಕ್ಕಳ ಮನಸ್ಸನ್ನು ಅರಿಯುವ ತರಬೇತಿ ಕೊಡಬಹುದೆಂದು ತೋರಿಸಿದರು. ಇಷ್ಟಾದರೂ ದೌರ್ಜನ್ಯಕ್ಕೆ ಒಳಗಾದ ಮಗುವಿಗೆಂದೇ ರೂಪಿಸಿದ ಚಿಕಿತ್ಸೆ ಆ ಶತಮಾನದ ಮುಕ್ಕಾಲು ಕಳೆಯುವ ತನಕ ನಮ್ಮಲ್ಲೇ ಏಕೆ, ಹೊರದೇಶಗಳಲ್ಲೂ ಇರಲಿಲ್ಲ.

ಕಿವಿ ಮತ್ತೆ ತೆರೆದುದು ಎಲುಬಿನ ಚಿತ್ರಗಳಿಂದ. 1962ರಲ್ಲಿ ಅಮೆರಿಕದ ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು, ಮಕ್ಕಳ ಮೂಳೆಮುರಿತಗಳಲ್ಲಿ ಕೆಲವು ಆಕಸ್ಮಿಕವಲ್ಲ, ಹೆತ್ತವರ ಹೊಡೆತದಿಂದ ಆದವು ಎಂದು ಬರೆದರು. ಮನೆಯೆಂಬುದು ಮಗುವಿಗೆ ಯಾವಾಗಲೂ ಕ್ಷೇಮದ ಸ್ಥಳವಲ್ಲವೆಂಬುದನ್ನು ವೈದ್ಯಲೋಕ ಒಪ್ಪಬೇಕಾಯಿತು. ಅದೇ ಕೆಂಪೆ 1978ರಲ್ಲಿ, ಲೈಂಗಿಕ ದೌರ್ಜನ್ಯವೂ ಹಾಗೆಯೇ ಮುಚ್ಚಿಟ್ಟ ಇನ್ನೊಂದು ಸಂಕಟ ಎಂದು ಬರೆದರು. 1983ರಲ್ಲಿ ರೋಲಂಡ್ ಸಮಿಟ್ ಎಂಬ ಮನೋವೈದ್ಯರು, ಮಗು ತಡವಾಗಿ ಹೇಳುವುದು, ಅರ್ಧ ಹೇಳುವುದು, ಹೇಳಿ ಹಿಂತೆಗೆಯುವುದು ಇವೆಲ್ಲ ಸುಳ್ಳಿನ ಗುರುತೆಂದು ಎಣಿಸುವುದು ತಪ್ಪು, ಸಿಕ್ಕಿಹಾಕಿಕೊಂಡ ಮಗುವಿನ ಸಹಜ ನಡತೆಯೇ ಅದು ಎಂದು ವಿವರಿಸಿದರು. ನ್ಯಾಯಾಲಯಗಳಲ್ಲಿ ಅವರ ಮಾತಿನ ದುರ್ಬಳಕೆಯೂ ಆಯಿತು. ಆದರೆ ‘ಆಗಲೇ ಏಕೆ ಹೇಳಲಿಲ್ಲ?’ ಎಂಬ ಪ್ರಶ್ನೆಗೆ ಇದ್ದ ಹರಿತ ಅಲ್ಲಿಂದ ಕಡಮೆಯಾಯಿತು.

ಇದರ ಮೇಲೆ ಕಟ್ಟಿದ ಚಿಕಿತ್ಸಾಕ್ರಮಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದುದನ್ನು ಜೂಡಿತ್ ಕೊಹೆನ್, ಆಂಥೊನಿ ಮನಾರಿನೊ, ಎಸ್ತರ್ ಡೆಬ್ಲಿಂಜರ್ ಎಂಬ ಮೂವರು 1980ರ ದಶಕದ ಕೊನೆಯಿಂದ ರೂಪಿಸಿದರು. ಮೂರು ವರ್ಷದಿಂದ ಹದಿನೆಂಟರ ವರೆಗಿನವರಿಗೆ ಅದು ಅನ್ವಯಿಸುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಭೇಟಿ. ಮೊದಲ ಭೇಟಿಗಳಲ್ಲಿ ನಡೆದ ಘಟನೆಯನ್ನು ಕೆದಕುವುದೇ ಇಲ್ಲ. ‘ನಿನ್ನಂಥ ಮಕ್ಕಳು ಬೇರೆಯವರೂ ಇದ್ದಾರೆ, ತಪ್ಪು ನಿನ್ನದಲ್ಲ’ ಎಂಬ ತಿಳಿವಳಿಕೆ ಮೊದಲು. ಆಮೇಲೆ ಎದೆ ಡವಗುಟ್ಟಿದಾಗ ಉಸಿರನ್ನು ಹಿಡಿತಕ್ಕೆ ತರುವ ಅಭ್ಯಾಸ; ಭಯ, ನಾಚಿಕೆ, ಸಿಟ್ಟುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಹೆಸರಿಡುವ ಅಭ್ಯಾಸ. ಇಷ್ಟು ಗಟ್ಟಿಯಾದ ಮೇಲೆ ಮಗು ತನ್ನ ಕಥೆಯನ್ನು ತನಗೆ ತೋಚಿದ ರೂಪದಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳುತ್ತದೆ. ಅದರಲ್ಲಿ ‘ನಾನು ಕೂಗಲಿಲ್ಲ, ಆದ್ದರಿಂದ ನನ್ನದೇ ತಪ್ಪು’ ಎಂಬಂಥ ಸಾಲು ಬಂದರೆ ಆ ಸಾಲನ್ನು ಇಬ್ಬರೂ ಕೂಡಿ ತಿದ್ದುತ್ತಾರೆ. ತಾಯಿಯೋ ತಂದೆಯೋ, ಯಾರು ದೌರ್ಜನ್ಯ ಮಾಡಿಲ್ಲವೋ ಅವರಿಗೆ ಬೇರೆ ಭೇಟಿಗಳು; ಏಕೆಂದರೆ ಮನೆಯಲ್ಲಿ ನಂಬುವವರೊಬ್ಬರು ಇದ್ದರೆ ಮಗು ಬೇಗ ಚೇತರಿಸುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 8ರಿಂದ 14 ವಯಸ್ಸಿನ 229 ಮಕ್ಕಳಿಗೆ ಎರಡು ಬಗೆಯ ಚಿಕಿತ್ಸೆ ಕೊಟ್ಟು ಹೋಲಿಸಿದರು. ಈ ಕ್ರಮವನ್ನು ಅನುಸರಿಸಿದವರಲ್ಲಿ ಬೆದರಿಕೆ, ಖಿನ್ನತೆ, ನಾಚಿಕೆಗಳು ಹೆಚ್ಚು ಇಳಿದಿದ್ದವು. ಅವರ ಹೆತ್ತವರೂ ಹೆಚ್ಚು ಸ್ಥಿಮಿತಕ್ಕೆ ಬಂದಿದ್ದರು.

ಭಾರತದಲ್ಲಿ ಮೌನ ಒಡೆದುದು ಹೆಚ್ಚುಕಡಮೆ ಇದೇ ಕಾಲದಲ್ಲಿ. 1996ರಲ್ಲಿ ದೆಹಲಿಯಲ್ಲಿ ‘ರಾಹಿ’ ಎಂಬ ಸಂಸ್ಥೆ ಹುಟ್ಟಿತು. 2000ದಲ್ಲಿ ಪಿಂಕಿ ವಿರಾನಿಯವರ ‘ಬಿಟರ್ ಚಾಕೊಲೇಟ್’ ಮಧ್ಯಮವರ್ಗದ ಮನೆಗಳಲ್ಲೂ ಈ ಮಾತನ್ನು ಎತ್ತಿತು. 2001ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ವೈದ್ಯೆಯರು ‘ಎನ್‌ಫೋಲ್ಡ್’ ಸಂಸ್ಥೆಯನ್ನು ಆರಂಭಿಸಿದರು. 2007ರಲ್ಲಿ ಕೇಂದ್ರ ಸರ್ಕಾರದ ಸಮೀಕ್ಷೆ ಹೊರಬಂದಾಗ ಇದು ನಮ್ಮ ಸಂಸ್ಕೃತಿಯಲ್ಲಿಲ್ಲ ಎನ್ನುವವರ ಬಾಯಿ ಕಟ್ಟಿತು. 13 ರಾಜ್ಯಗಳ 12,447 ಮಕ್ಕಳಲ್ಲಿ ಶೇಕಡ 53ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಗಂಡುಹುಡುಗರು ಹೆಣ್ಣುಮಕ್ಕಳಿಗಿಂತ ಕಡಮೆಯಿರಲಿಲ್ಲ. ಕರ್ನಾಟಕ ಆ ಸಮೀಕ್ಷೆಯಲ್ಲಿ ಸೇರಿರಲಿಲ್ಲ. ಆಂಧ್ರ ಸೇರಿತ್ತು. ಪಾವಗಡದ ನಕ್ಷೆಯನ್ನು ನೋಡಿದವರಿಗೆ ಅದರ ಸುತ್ತ ಬಹುಪಾಲು ಆಂಧ್ರವೇ ಎಂಬುದು ಗೊತ್ತು. ಗಡಿಯ ಕಲ್ಲು ನೆಟ್ಟ ಕಡೆ ಇಂಥ ಸಂಕಟ ನಿಂತುಬಿಡುತ್ತದೆ ಎಂದು ಯಾರೂ ಹೇಳಲಾರರು.

ನ್ಯಾಯಾಲಯವೂ ಬದಲಾಯಿತು. 2004ರಲ್ಲಿ ‘ಸಾಕ್ಷಿ’ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಗು ಸಾಕ್ಷಿ ಹೇಳುವಾಗ ಆರೋಪಿ ಕಾಣದಂತೆ ತೆರೆಯಿರಬೇಕು, ನಡುನಡುವೆ ವಿರಾಮ ಕೊಡಬೇಕು ಎಂದಿತು. 2012ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ ಬಂದಿತು. ಜನ ಅದನ್ನು ಪೋಕ್ಸೊ ಎನ್ನುತ್ತಾರೆ. ಅದು ಜಾರಿಗೆ ಬಂದುದು ಆ ವರ್ಷದ ನವೆಂಬರ್ 14ರಂದು, ಮಕ್ಕಳ ದಿನದಂದು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳೆ, ಬರೆದುಕೊಳ್ಳಬೇಕು; ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಕೂಡದು; ಮತ್ತೆ ಮತ್ತೆ ಕೋರ್ಟಿಗೆ ಕರೆಸಕೂಡದು; ಬೇಕಾದರೆ ದುಭಾಷಿಯನ್ನು ಒದಗಿಸಬೇಕು ಎಂದೆಲ್ಲ ಅದರಲ್ಲಿದೆ. 2014ರಲ್ಲಿ ನಿಮ್ಹಾನ್ಸ್, ಡಾ. ಶೇಖರ್ ಶೇಷಾದ್ರಿಯವರ ನೇತೃತ್ವದಲ್ಲಿ, ರಾಜ್ಯದ ಮಹಿಳಾ ಮತ್ತು ಮಕ್ಕಳ ಇಲಾಖೆಯೊಡನೆ ಕೂಡಿ ಮಕ್ಕಳ ಮಾನಸಿಕ ಆರೋಗ್ಯದ ಸಮುದಾಯ ಯೋಜನೆಯೊಂದನ್ನು ಕೈಗೊಂಡಿತು. ಅಂಗನವಾಡಿ, ಶಾಲೆ, ಬಾಲಮಂದಿರಗಳಲ್ಲಿ ಕೆಲಸ ಮಾಡುವವರಿಗೆ ಕಥೆ, ಆಟ, ಚಿತ್ರಗಳ ಮೂಲಕ ಮಕ್ಕಳೊಡನೆ ಮಾತನಾಡುವ ಕೈಪಿಡಿಗಳು ಅಲ್ಲಿಂದ ಸಿದ್ಧವಾದವು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮರಳೋಣ. ಮಕ್ಕಳನ್ನು ಹೆಸರಿಡಿದು ಕರೆಯುವುದು ಬೇಡ, ಕಲ್ಪಿಸಿಕೊಳ್ಳೋಣ. ಐದು ವರ್ಷದ ಮಗು. ಅದಕ್ಕೆ ‘ನಿನ್ನೆ’, ‘ಆವತ್ತು’ ಎಂಬ ಭೇದ ಇನ್ನೂ ನೆಲೆಗೊಂಡಿಲ್ಲ. ದಿನಾಂಕ ಕೇಳಿದರೆ ಕಂಗಾಲಾಗುತ್ತದೆ. ಅದಕ್ಕೆ ಜೇಡಿಮಣ್ಣು, ಬೊಂಬೆ, ಕಡಲೆಕಾಯಿ ಸಿಪ್ಪೆ, ಬಣ್ಣದ ಕಡ್ಡಿ ಸಾಕು. ಆಟದಲ್ಲಿ ಬೊಂಬೆಗೆ ಭಯವಾದಾಗ ಅದನ್ನು ಕಾಪಾಡುವವರು ಯಾರು ಎಂಬುದನ್ನು ಮಗುವೇ ತೀರ್ಮಾನಿಸಲಿ. ಹತ್ತು ವರ್ಷದ ಮಗುವಿಗೆ ಕಥೆ ಕಟ್ಟಬಲ್ಲ ಶಕ್ತಿ ಬಂದಿದೆ. ಜೊತೆಗೆ ತಾನೇ ತಪ್ಪು ಮಾಡಿದೆನೆಂಬ ಲೆಕ್ಕಾಚಾರವೂ ಬಂದಿದೆ. ಅದರೊಡನೆ ಬರೆಯುವುದು, ಚಿತ್ರಕಥೆ ಮಾಡುವುದು ಒಪ್ಪುತ್ತದೆ. ಹದಿನೈದರ ಹುಡುಗಿಗೋ ಹುಡುಗನಿಗೋ ಬೊಂಬೆ ಕೊಟ್ಟರೆ ಅವಮಾನ. ಅವರಿಗೆ ಬೇಕಾದುದು ನೇರವಾದ ಮಾತು. ‘ಮುಂದೆ ನನ್ನ ಮದುವೆ?’, ‘ನಾನು ಗಂಡಸೇ?’ ಎಂಬ ಪ್ರಶ್ನೆಗಳನ್ನು ಬೆಚ್ಚದೆ ಕೇಳಿಸಿಕೊಳ್ಳುವವರು ಬೇಕು. ವಯಸ್ಸಿಗೆ ತಕ್ಕ ಚಿಕಿತ್ಸೆ ಎಂದರೆ ಇಷ್ಟೆ: ದೊಡ್ಡವರು ತಮ್ಮ ಭಾಷೆಯನ್ನು ಬಿಟ್ಟು ಮಗು ನಿಂತಿರುವ ಮೆಟ್ಟಿಲಿಗೆ ಇಳಿಯುವುದು.

ಭಾಷೆ ಎಂದಾಗ ಇನ್ನೊಂದು ವಿಚಾರ. ಪಾವಗಡದ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಶಿರಾದ ಬೀದಿಗಳಲ್ಲಿ ದಖನಿ ಉರ್ದು ಆಡುವ ಮನೆಗಳು ಸಾಲಾಗಿವೆ. ಮೈಯ ಅಂಗಗಳ ಹೆಸರು, ಭಯದ ಹೆಸರು, ಅಮ್ಮನ ಕಿವಿಯಲ್ಲಿ ಹೇಳುವ ಗುಟ್ಟಿನ ಹೆಸರು, ಎಲ್ಲವೂ ಮಗುವಿಗೆ ಬರುವುದು ಮನೆಮಾತಿನಲ್ಲಿ. ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದರೆ ಅದು ಪಾಠ ಒಪ್ಪಿಸುವ ಹಾಗೆ ಉತ್ತರ ಕೊಟ್ಟೀತು. ಕಾಯ್ದೆ ದುಭಾಷಿಯನ್ನು ಕೋರ್ಟಿಗೆ ಒದಗಿಸುತ್ತದೆ. ಆದರೆ ಅದಕ್ಕೂ ಮುಂಚೆ, ಮೊದಲ ಮಾತು ಹೊರಡುವ ಹೊತ್ತಿನಲ್ಲಿ ಮನೆಮಾತು ಬಲ್ಲ ಕಿವಿಯೊಂದು ಹತ್ತಿರ ಇರಬೇಕು.

ಇಲ್ಲೇ ಒಂದು ಗೊಂದಲವನ್ನು ಬಿಡಿಸಬೇಕು. ತನಿಖೆ ಬೇರೆ, ಚಿಕಿತ್ಸೆ ಬೇರೆ. ಪೊಲೀಸರಿಗೆ ಬೇಕಾದುದು ಯಾವಾಗ, ಎಲ್ಲಿ, ಎಷ್ಟು ಸಲ ಎಂಬ ವಿವರ. ಸಮಾಲೋಚಕನಿಗೆ ಬೇಕಾದುದು ಮಗು ಈಗ ಹೇಗಿದೆ ಎಂಬುದು. ಒಂದೇ ಕಥೆಯನ್ನು ಮನೆಯಲ್ಲಿ, ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಕಲ್ಯಾಣ ಸಮಿತಿಯಲ್ಲಿ, ಕೋರ್ಟಿನಲ್ಲಿ ಹೇಳಿ ಹೇಳಿ ದಣಿದ ಮಗುವಿಗೆ ಸಮಾಲೋಚನೆಯೂ ಆರನೆಯ ವಿಚಾರಣೆಯಂತೆ ತೋರಿದರೆ ಅದು ಚಿಕಿತ್ಸೆಯಾಗುವುದಿಲ್ಲ. ಹಾಗೆಂದು ಮೊಕದ್ದಮೆ ಮುಗಿಯಲಿ, ಆಮೇಲೆ ಚಿಕಿತ್ಸೆ ನೋಡೋಣ ಎನ್ನುವುದೂ ಸಲ್ಲದು. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಎಲ್ಲ ಮೊಕದ್ದಮೆಗಳೂ ಹಾಗೆ ಮುಗಿಯುವುದಿಲ್ಲ. ಮಗುವಿನ ಬಾಳಿನಲ್ಲಿ ಎರಡು ವರ್ಷವೆಂದರೆ ಎರಡು ತರಗತಿ, ಎರಡು ಅಳತೆಯ ಅಂಗಿ. ಅಷ್ಟು ಕಾಯುವುದಕ್ಕೆ ಅದರ ಬಳಿ ಸಮಯವಿಲ್ಲ.

ಇನ್ನೊಂದು ತೊಡಕು ಗುಟ್ಟಿನದು. ಸಮಾಲೋಚನೆಯ ಜೀವ ಗೋಪ್ಯತೆ. ಆದರೆ ಪೋಕ್ಸೊ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ಬಚ್ಚಿಟ್ಟರೆ ಶಿಕ್ಷೆಯುಂಟು. ‘ಯಾರಿಗೂ ಹೇಳುವುದಿಲ್ಲ, ಹೇಳು’ ಎಂದು ಮಾತು ಕೊಟ್ಟು ಆಮೇಲೆ ದೂರು ಬರೆಸಿದರೆ, ಒಬ್ಬ ದೊಡ್ಡವರಿಂದ ಒಮ್ಮೆ ವಂಚಿತವಾದ ಮಗು ಇನ್ನೊಬ್ಬ ದೊಡ್ಡವರಿಂದ ಮತ್ತೆ ವಂಚಿತವಾದಂತೆ. ಆದ್ದರಿಂದ ಬಲ್ಲ ಸಮಾಲೋಚಕರು ಮೊದಲ ದಿನವೇ ನಿಜ ಹೇಳುತ್ತಾರೆ: ‘ನೀನು ಹೇಳಿದ್ದರಲ್ಲಿ ಬಹಳಷ್ಟು ನನ್ನ ಹತ್ತಿರವೇ ಇರುತ್ತದೆ, ನಿನಗೆ ಅಪಾಯವಿರುವ ವಿಷಯವನ್ನು ಮಾತ್ರ ನಿನಗೆ ತಿಳಿಸಿಯೇ ಸಂಬಂಧಪಟ್ಟವರಿಗೆ ಹೇಳುತ್ತೇನೆ.’ ಮಗು ಅಂದು ಸುಮ್ಮನಾದರೂ ಚಿಂತೆಯಿಲ್ಲ. ನಂಬಿಕೆ ಉಳಿದರೆ ಮಾತು ಇನ್ನೊಂದು ದಿನ ಬಂದೀತು.

ಆದರೆ ಸಮಾಲೋಚಕರು ಎಲ್ಲಿದ್ದಾರೆ? ಕೊರಟಗೆರೆ ತುಮಕೂರಿಗೆ ಹತ್ತಿರ. ಪಾವಗಡ ಸುಮಾರು 100 ಕಿಲೋಮೀಟರ್ ದೂರ. ವಾರಕ್ಕೊಮ್ಮೆಯಂತೆ ಹನ್ನೆರಡು ಭೇಟಿ ಎಂದರೆ ಕೂಲಿಗೆ ಹೋಗುವ ತಾಯಿಗೆ ಹನ್ನೆರಡು ದಿನದ ಕೂಲಿ, ಹನ್ನೆರಡು ಸಲ ಬಸ್ಸಿನ ಖರ್ಚು, ಹನ್ನೆರಡು ಸಲ ನೆರೆಯವರಿಗೆ ‘ಎಲ್ಲಿಗೆ?’ ಎಂಬುದಕ್ಕೆ ಉತ್ತರ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಮಾದರಿಯಾಯಿತು. ಮನೋವೈದ್ಯರು ಗೊತ್ತಾದ ದಿನ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಏರ್ಪಾಡು ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಹದಿಹರೆಯದವರಿಗೆ ‘ಸ್ನೇಹ’ ಚಿಕಿತ್ಸಾಲಯಗಳೂ ಬಂದವು. 1098 ಮಕ್ಕಳ ಸಹಾಯವಾಣಿಯುಂಟು. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಉಂಟು. ಇವೆಲ್ಲ ಉಪಯುಕ್ತವಾದವೇ. ಆದರೆ ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಬರುವ ವೈದ್ಯರ ಮುಂದಿನ ಸಾಲಿನಲ್ಲಿ, ಹತ್ತು ಜನರ ನಡುವೆ, ಈ ಮಗು ಬಾಯಿ ಬಿಡುವುದು ಕಷ್ಟ.

ಈ ವಿಷಯದಲ್ಲಿ ಆಫ್ರಿಕದ ಝಾಂಬಿಯಾದಿಂದ ಬಂದ ಸುದ್ದಿ ಧೈರ್ಯ ಕೊಡುವಂಥದು. ಲುಸಾಕಾ ನಗರದಲ್ಲಿ ನಾನಾ ಬಗೆಯ ಆಘಾತಗಳಿಗೆ ಸಿಕ್ಕಿದ 257 ಮಕ್ಕಳನ್ನು ಒಳಗೊಂಡ ಪರೀಕ್ಷೆಯ ಫಲ 2015ರಲ್ಲಿ ಪ್ರಕಟವಾಯಿತು. ಮೇಲೆ ಹೇಳಿದ ಕ್ರಮದ ಚಿಕಿತ್ಸೆಯನ್ನು ಅಲ್ಲಿ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಸ್ಥಳೀಯ ಸಾಮಾನ್ಯರು. ಹಾಗಿದ್ದೂ ಮಕ್ಕಳ ಬಾಧೆ, ಬೇರೆ ಸಾಮಾನ್ಯ ನೆರವು ಪಡೆದವರಿಗಿಂತ ಬಹಳವಾಗಿ ಇಳಿಯಿತು. ಪದವಿಪತ್ರಕ್ಕಿಂತ ಪಳಗಿದ ಕಿವಿ ಮುಖ್ಯ, ಆ ಕಿವಿಯ ಹಿಂದೆ ತಪ್ಪನ್ನು ತಿದ್ದುವ ತಜ್ಞರೊಬ್ಬರು ಇರಬೇಕು ಎಂಬುದು ಇದರ ಪಾಠ. ಅಂಥ ಕಿವಿಗಳನ್ನು ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಬೇಕಾದರೆ ಎಲ್ಲಿಗೆ ಹೋಗಬೇಕು? ದಿನವೂ ಮಗುವಿನ ಮುಖ ನೋಡುವ ಶಾಲೆಗೇ ಅಲ್ಲವೆ? ಚೆನ್ನಾಗಿ ಓದುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಹೋದುದನ್ನು, ಹುಡುಗನೊಬ್ಬ ಸಂಜೆ ಮನೆಗೆ ಹೋಗಲು ಹಿಂಜರಿಯುವುದನ್ನು ಮೊದಲು ಕಾಣುವವರು ಮೇಡಂ, ಮೇಷ್ಟರು. ಅವರೇ ಚಿಕಿತ್ಸಕರಾಗಬೇಕಿಲ್ಲ, ಆಗಲೂ ಬಾರದು. ಗದರದೆ ಕೇಳಿ, ನಂಬಿ, ಮುಂದಿನ ದಾರಿ ತೋರಿಸಿದರೆ ಸಾಕು. ಶಾಲೆಯಲ್ಲಿಯೇ ತಪ್ಪು ನಡೆದಿದ್ದರೆ ಶಾಲೆಯ ಹೊರಗೂ ಒಂದು ಬಾಗಿಲಿರಬೇಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಅದಕ್ಕೆ ಒದಗಬಲ್ಲರು. ನಾಲ್ಕು ತಾಲ್ಲೂಕುಗಳಿಗೆ ಒಂದೇ ಶೈಕ್ಷಣಿಕ ಜಿಲ್ಲೆಯಿರುವುದು ಇಂಥ ತರಬೇತಿಗೆ ಒಂದು ಅನುಕೂಲವೇ ಸರಿ.

ಕೊನೆಯದಾಗಿ ಪಟ್ಟಣದ ನಮ್ಮ ಮನೆಗಳ ಮಾತು. ಇಂಥ ಸುದ್ದಿ ಹೊರಬಿದ್ದಾಗ ನಾವು ಸಾಮಾನ್ಯವಾಗಿ ಎರಡು ಸಲಹೆ ಕೊಡುತ್ತೇವೆ. ಒಂದು, ‘ಮರೆತುಬಿಡು ಮಗು, ಕಾಲವೇ ಮದ್ದು.’ ಇನ್ನೊಂದು, ‘ಮನೆ ಮಾತು ಬೀದಿಗೆ ಬರುವುದು ಬೇಡ.’ ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು. ಆದರೆ ಮಗುವಿನ ಕಿವಿಗೆ ಅವು ‘ನಿನ್ನ ಮಾತು ನಮಗೆ ಬೇಡ’ ಎಂದು ಕೇಳಿಸುತ್ತವೆ. ವಿಯೆನ್ನಾದ ಸಭೆ 1896ರಲ್ಲಿ ತಣ್ಣಗೆ ಕುಳಿತು ಹೇಳಿದ್ದೂ ಅದನ್ನೇ.

ಮಗು ತೆಲುಗಿನಲ್ಲೋ ದಖನಿಯಲ್ಲೋ ಕನ್ನಡದಲ್ಲೋ, ಬಾಯಿಂದಲೋ ಬೊಂಬೆಯಿಂದಲೋ, ಒಮ್ಮೆ ಹೇಳುತ್ತದೆ. ಆ ಹೊತ್ತಿಗೆ ಕೇಳಿಸಿಕೊಂಡವರು ‘ನೀನು ಹೇಳಿದ್ದು ಒಳ್ಳೆಯದಾಯಿತು, ನಾನು ನಂಬುತ್ತೇನೆ’ ಎಂದರೆ ಚಿಕಿತ್ಸೆ ಅಲ್ಲಿಂದಲೇ ಆರಂಭವಾದಂತೆ. ಮುಂದಿನ ಹನ್ನೆರಡು ಭೇಟಿಗಳನ್ನು ಬಲ್ಲವರು ನೋಡಿಕೊಳ್ಳುತ್ತಾರೆ. ಅವರು ಮಧುಗಿರಿಯಲ್ಲೂ ಪಾವಗಡದಲ್ಲೂ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ. ಆ ಮೊದಲ ಮಾತನ್ನು ನಂಬುವುದು ನಮ್ಮ ಕೆಲಸ.